ರಾಕೆಟ್ ಬೆಳಗಿದ ಮೇಲೆ ಕಪ್ಪಾಗುವ ತೆರೆ

ಪ್ರಶ್ನೆ: ಮಾನ್ಯರೇ, ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹೈಕು ಆಪರೇಟಿಂಗ್ ಸಿಸ್ಟಮ್ಮನ್ನು ಪೆನ್‌ಡ್ರೈವ್‌ನಿಂದ ಆರಂಭಿಸಿದರೆ, ಕೊನೆಯ ರಾಕೆಟ್ ಚಿಹ್ನೆ ಬೆಳಗಿದೊಡನೆ ತೆರೆ ಕಪ್ಪಾಗಿ ನಿಲ್ಲುತ್ತದೆ. ಹಾರ್ಡ್‌ಡಿಸ್ಕ್ ಕೆಟ್ಟಿದೆಯೇ?
– ಓದುಗರೊಬ್ಬರು, ಬೆಟಗೇರಿ, ಗದಗ

ಉತ್ತರ: ಡಿಸ್ಕನ್ನು ದೂರಬೇಡಿ, ರಾಕೆಟ್‌ವರೆಗೆ ಬಂದಿದೆ ಎಂದರೆ ಯಂತ್ರ ಪೆನ್‌ಡ್ರೈವನ್ನು ಸರಿಯಾಗಿ ಓದಿಕೊಂಡಿದೆ, ಆದ್ದರಿಂದ ಮೊದಲ ಅನುಮಾನ ತೆರೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್ ಮೇಲೆಯೇ ಬೀಳುತ್ತದೆ. ಯಂತ್ರ ಶುರುವಾಗುವಾಗ, ಅದನ್ನು ಎಬ್ಬಿಸುವ ಒಳತಂತ್ರಾಂಶ ಹಳೆಯ ಬಯೋಸ್ ಆಗಿದ್ದರೆ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು, ಅದರ ಹೊಸ ರೂಪವಾದ ಯುಇಎಫ್‌ಐ ಆಗಿದ್ದರೆ ಸ್ಪೇಸ್ ಕೀಲಿಯನ್ನು ಮತ್ತೆ ಮತ್ತೆ ಒತ್ತಿ ಹೈಕುವಿನ ಬೂಟ್ ಮೆನು (ಆರಂಭದ ಆಯ್ಕೆಗಳ ಪಟ್ಟಿ) ತೆರೆಯಿರಿ. ಅಲ್ಲಿನ ಸೇಫ್ ಮೋಡ್ ಆಯ್ಕೆಗಳಲ್ಲಿ ‘ಫೇಲ್-ಸೇಫ್ ಗ್ರಾಫಿಕ್ಸ್ ಡ್ರೈವರ್’ ಎಂಬುದನ್ನು ಗುರುತಿಸಿ ಮುಂದುವರಿಯಿರಿ. ಚಿತ್ರದ ಅಳತೆ ತೆರೆಗೆ ಸರಿಹೊಂದದಿದ್ದರೂ ಚಿಂತೆ ಬೇಡ, ಕೆಲಸಕ್ಕೆ ಅಡ್ಡಿಯಿಲ್ಲ. ಹೈಕುವನ್ನು ಹಾರ್ಡ್‌ಡಿಸ್ಕಿಗೆ ಹಾಕುವ ಮುನ್ನ, ಅದರಲ್ಲೇ ಇರುವ ಡ್ರೈವ್‌ಸೆಟಪ್ ಎಂಬ ತಂತ್ರಾಂಶದಲ್ಲಿ ಡಿಸ್ಕಿನ ಒಂದು ಪಾರ್ಟಿಷನ್ನನ್ನು (ವಿಭಾಗವನ್ನು) ಹೈಕು ಕಡತಗಳನ್ನಿಡುವ ವಿಧಾನವಾದ ಬಿ ಫೈಲ್ ಸಿಸ್ಟಮ್ಮಿಗೆ ಸಿದ್ಧಪಡಿಸಬೇಕು. ಅದು ಆ ಪಾರ್ಟಿಷನ್ನಿನಲ್ಲಿರುವುದನ್ನೆಲ್ಲ ಅಳಿಸುವುದರಿಂದ, ಮನೆಯ ಫೋಟೊಗಳಿದ್ದರೆ ದಯವಿಟ್ಟು ಮೊದಲೇ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.