ರಕ್ತದಾಗ ಪಾರ್ಕಿನ್ಸನ್ ಕಾಣಸ್ತದೇನ್ರಿ?

ಪ್ರಶ್ನೆ: ಅವ್ವಗ 62. ರೊಟ್ಟಿ ಬಡಿಯೋವಾಗ ಕೈ ನಡುಗಂಗಿಲ್ಲ, ತೊಡೆ ಮ್ಯಾಲ ಇಟ್ಟು ಸುಮ್ನ ಕುಂತ್ರ ಬಲಗೈ ನಡುಗ್ತದ. ಕೆಲಸನೂ ನಿಧಾನ ಆಗ್ಯದ. ಎಂಆರ್‌ಐ ನಾರ್ಮಲ್. ಹಾರ್ಮೋನ್ ಪ್ಯಾಕೇಜಿನಾಗ ಟಿಎಸ್‌ಎಚ್ ಸರಿ ಅದ, ಪ್ರೊಲ್ಯಾಕ್ಟಿನ್ ಹೆಚ್ಚದ. ವರ್ಷದಿಂದ ಗ್ಯಾಸಿನ ಗುಳಿಗಿ ನುಂಗ್ತಾಳ. ರಕ್ತದಾಗ ಡೋಪಮೈನ್ ನೋಡಿಸ್ಬೇಕೇನ್ರಿ?
– ಓದುಗರು, ಸೇಡಂ

ಉತ್ತರ: ಬೇಡ. ಚಲನೆಯನ್ನು ಹದವಾಗಿಡುವ ಡೋಪಮೈನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಕಡಿಮೆಯಾಗಿ ಬರುವ ನರರೋಗ ಪಾರ್ಕಿನ್ಸನ್. ರಕ್ತದ ಡೋಪಮೈನ್ ಮಿದುಳಿಗೆ ದಾಟುವುದಿಲ್ಲ, ಅದರ ಅಂಕಿಯಿಂದ ಏನೂ ತಿಳಿಯದು. ಪಾರ್ಕಿನ್ಸನ್ ಹೌದೋ ಅಲ್ಲವೋ ಎಂದು ಹೇಳುವ ಹಾರ್ಮೋನ್ ಪರೀಕ್ಷೆಯೇ ಇಲ್ಲ. ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ಮಾಡಿಸಿದ್ದು ಸರಿ: ಥೈರಾಯ್ಡ್ ಹೆಚ್ಚಿದ್ದರೂ ಕೈ ನಡುಗುತ್ತದೆ, ಆದರೆ ಆ ನಡುಕ ಸಣ್ಣದು, ವೇಗದ್ದು, ಕೈ ಚಾಚಿದಾಗ ಕಾಣುವಂಥದ್ದು. (ಕೂದಲಿಗೆಂದು ಬಯೋಟಿನ್ ನುಂಗುವವರು ಎರಡು ದಿನ ಮೊದಲೇ ನಿಲ್ಲಿಸಿ ರಕ್ತ ಕೊಡಬೇಕು, ಇಲ್ಲದಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ ಬಂದು ಥೈರಾಯ್ಡ್ ಹೆಚ್ಚಿದಂತೆ ಕಾಣಬಹುದು.)

ಎದೆಹಾಲಿನ ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್ ಅನ್ನು ಮಾತ್ರ ಕಡೆಗಣಿಸಬೇಡಿ. ಅದನ್ನು ಹದ್ದುಬಸ್ತಿನಲ್ಲಿಡುವುದು ಡೋಪಮೈನ್. ಡೋಪಮೈನ್ ತಡೆಯುವ ಔಷಧಿ ಹೊಟ್ಟೆಗೆ ಹೋದರೆ ಪ್ರೊಲ್ಯಾಕ್ಟಿನ್ ಏರುತ್ತದೆ, ಕೈಯೂ ನಡುಗಬಹುದು. ಗ್ಯಾಸಿನ ಗುಳಿಗೆಯ ಪಟ್ಟಿ ತಿರುಗಿಸಿ ಸಣ್ಣಕ್ಷರ ಓದಿ: ಆಮ್ಲ ತಗ್ಗಿಸುವ ರಾಬೆಪ್ರಜೋಲ್ ಜೊತೆ ಡೋಪಮೈನ್ ತಡೆಯುವ ಲೆವೊಸಲ್ಪಿರೈಡ್ ಇದೆಯೇ? ಇದ್ದರೆ ಆ ಪಟ್ಟಿಯನ್ನೇ ನರರೋಗ ವೈದ್ಯರ ಮುಂದಿಡಿ. ವಾಂತಿಯ ಮೆಟೊಕ್ಲೊಪ್ರಮೈಡ್, ತಲೆಸುತ್ತಿನ ಸಿನ್ನರಿಜೀನ್, ತಲೆನೋವಿನ ಫ್ಲುನರಿಜೀನ್ ಕೂಡ ಇದೇ ಜಾತಿಯ ಕಾಟ ಕೊಡುತ್ತವೆ. ನಿಲ್ಲಿಸಿದ ಮರುದಿನವೇ ನಡುಕ ಹೋಗದು, ವಾರಗಳಿಂದ ಆರು ತಿಂಗಳವರೆಗೂ ಹಿಡಿಯಬಹುದು.

ಆದರೂ ಒಂದೇ ಕೈ, ಅದೂ ಬಿಡುವಿನಲ್ಲಿದ್ದಾಗ ನಡುಗುವುದು ನಿಜವಾದ ಪಾರ್ಕಿನ್ಸನ್ನಿನ ಲಕ್ಷಣ. ಹೆಬ್ಬೆರಳು–ತೋರುಬೆರಳನ್ನು ಅಗಲಿಸಿ ಹತ್ತು ಸಲ ಬೇಗ ಬೇಗ ತಟ್ಟಿಸಿ ನೋಡಿ. ತಟ್ಟುತ್ತಾ ತಟ್ಟುತ್ತಾ ಬೆರಳುಗಳ ನಡುವಿನ ಅಂತರ ಕಿರಿದಾಗುತ್ತಿದ್ದರೆ ವೈದ್ಯರಿಗೆ ಹೇಳಿ. ಔಷಧಿಯದೋ ಒಳಗಿನ ರೋಗದ್ದೋ ಎಂಬ ಅನುಮಾನ ಉಳಿದಾಗಲೇ ಟ್ರೋಡ್ಯಾಟ್ ಸ್ಕ್ಯಾನಿಗೆ (ಮಿದುಳಿನ ಡೋಪಮೈನ್ ನರತುದಿಗಳನ್ನು ತೋರಿಸುವ ಚಿತ್ರ) ಬೆಲೆ. ಸರಿಯಿದ್ದ ಮಿದುಳಿನಲ್ಲಿ ಎರಡೂ ಬದಿ ಅಲ್ಪವಿರಾಮದ ಆಕಾರ ಹೊಳೆಯುತ್ತದೆ, ಔಷಧಿಯ ನಡುಕದಲ್ಲೂ ಹಾಗೆಯೇ. ಪಾರ್ಕಿನ್ಸನ್ನಿನಲ್ಲಿ ಬಾಲ ಅಳಿಸಿ ಬರೀ ಚುಕ್ಕಿ ಉಳಿಯುತ್ತದೆ. ಬಲಗೈ ನಡುಕವಿದ್ದರೆ ಸಾಮಾನ್ಯವಾಗಿ ಎಡಬದಿಯದು ಹೆಚ್ಚು ಅಳಿದಿರುತ್ತದೆ.

ಪ್ರಶ್ನೆ: ಟ್ರೋಡ್ಯಾಟಿಗೆ ಹೈದರಾಬಾದಿಗೆ ಹೋಗಬೇಕು. ಉಪವಾಸ ಇರಬೇಕಾ? ಪಾರ್ಕಿನ್ಸನ್ ಗುಳಿಗೆ ನಿಲ್ಲಿಸಬೇಕಾ?
– ಓದುಗರು, ಹುಮನಾಬಾದ್

ಉತ್ತರ: ಸಾಮಾನ್ಯವಾಗಿ ಎರಡೂ ಬೇಕಿಲ್ಲ, ಪಾರ್ಕಿನ್ಸನ್ನಿನ ಔಷಧಿ ಲೆವೊಡೋಪ ಚಿತ್ರವನ್ನು ಕೆಡಿಸುವುದಿಲ್ಲ. ಕೆಡಿಸುವುದು ಬ್ಯುಪ್ರೊಪಿಯಾನ್, ಮೀಥೈಲ್‌ಫೆನಿಡೇಟ್‌ನಂಥವು. ಖಿನ್ನತೆಗೋ ಸಿಗರೇಟ್ ಬಿಡಲೋ ಅವನ್ನು ನುಂಗುತ್ತಿದ್ದರೆ ದಿನ ಗೊತ್ತು ಮಾಡುವಾಗಲೇ ತಿಳಿಸಿ, ತಾವೇ ನಿಲ್ಲಿಸಬೇಡಿ. ಚುಚ್ಚುಮದ್ದು ಕೊಟ್ಟು ಸುಮಾರು ನಾಲ್ಕು ಗಂಟೆ ಕಾದ ಮೇಲೆ ಚಿತ್ರ. ಆ ಹೊತ್ತಿನಲ್ಲಿ ಊಟ ಮಾಡಿ, ನೀರು ಚೆನ್ನಾಗಿ ಕುಡಿಯಿರಿ. ಆಮೇಲೆ ಚಿತ್ರ ತೆಗೆಯುವ ಅರ್ಧ ಗಂಟೆ ತಲೆ ಅಲ್ಲಾಡಬಾರದು. ಇಲ್ಲೇ ಹೆಚ್ಚು ಎಡವಟ್ಟು: ತಲೆ ಓರೆಯಾದರೆ ಒಂದು ಬದಿ ಸುಳ್ಳೇ ಕಡಿಮೆ ಕಾಣುತ್ತದೆ. ಚುಚ್ಚುಮದ್ದಿನಲ್ಲಿರುವ ವಿಕಿರಣ ವಸ್ತು ಟೆಕ್ನೀಶಿಯಂನ ಶಕ್ತಿ ಆರು ಗಂಟೆಗೆ ಅರ್ಧಕ್ಕಿಳಿಯುವುದರಿಂದ ಆ ಔಷಧಿಯನ್ನು ಕೂಡಿಡಲಾಗದು. ಬಸ್ ಹತ್ತುವ ಮುನ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಸ್ಕ್ಯಾನಿನಾಗ ಎಲ್ಲಾ ಗೊತ್ತಾಗ್ತದೇನು?
– ಓದುಗರು, ಸುರಪುರ

ಉತ್ತರ: ಇಲ್ಲ. ಪಾರ್ಕಿನ್ಸನ್ನಿನಂತೆಯೇ ಕಾಣುವ ಬೇರೆ ಮಿದುಳಿನ ಕಾಯಿಲೆಗಳಾದ ಪಿಎಸ್‌ಪಿ (ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ), ಎಂಎಸ್‌ಎಗಳಲ್ಲೂ (ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ) ಚಿತ್ರ ಅದೇ. ಮೊದಲ ವರ್ಷದಲ್ಲೇ ಮೇಲಿಂದ ಮೇಲೆ ಬೀಳುವುದು, ಎದ್ದು ನಿಂತರೆ ಬಿಪಿ ಕುಸಿಯುವುದು ಇದ್ದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಸ್ಕ್ಯಾನ್ ಅದನ್ನು ಹೇಳುವುದಿಲ್ಲ.