ಉಗಿಬಂಡಿ ಮಾಡೆಲ್: ಗಾಜಿನ ಬೀರುವಲ್ಲಿಡೋದಾ, ಓಡಿಸೋದಾ?

ಪ್ರಶ್ನೆ: ಅಟ್ಟ ಕ್ಲೀನ್ ಮಾಡೋವಾಗ ನಮ್ಮ ಸೋದರಮಾವ ಇಂಗ್ಲೆಂಡಿಂದ ತಂದಿದ್ದ ರೈಲಿಂಜಿನ್ ಸಿಕ್ತು. ಹಾರ್ನ್‌ಬಿ ಡಬ್ಲೋ ಅಂತ ಡಬ್ಬದ ಮೇಲಿದೆ, ಇಂಜಿನ್ ಮೇಲೆ 6231 ಅಂತ ನಂಬರು, ಡಚೆಸ್ ಆಫ್ ಆಥಾಲ್ ಅಂತ ಹೆಸರು. ಕೆಂಪು ಬಣ್ಣ ಅಲ್ಲಲ್ಲಿ ಎದ್ದಿದೆ. ಹೊಸದಾಗಿ ಪೇಂಟ್ ಮಾಡಿಸ್ಲಾ? ಕರೆಂಟ್ ಕೊಟ್ರೆ ಓಡುತ್ತಾ?
- ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಪೇಂಟ್ ಮಾಡಿಸ್ಬೇಡಿ ಸರ್. ಆ ಡಬ್ಬ ಎಷ್ಟೇ ಹರಿದಿದ್ರೂ ಬಿಸಾಕ್ಬೇಡಿ. ಹಳೇ ಡಬ್ಲೋ ಸಂಗ್ರಹ ಮಾಡೋರು ಮೊದಲು ನೋಡೋದೇ ಫ್ಯಾಕ್ಟರಿ ಬಣ್ಣ ಹಾಗೇ ಉಳಿದಿದ್ಯಾ, ಜೊತೆಗೆ ಬಂದ ಡಬ್ಬ ಇದ್ಯಾ ಅಂತ, ಹೊಸ ಬಣ್ಣ ಬಳಿದ್ರೆ ಫಳಫಳ ಅನ್ನತ್ತೆ ನಿಜ ಆದ್ರೆ ಬೆಲೆ ಬಿದ್ದೋಗತ್ತೆ, ಮತ್ತೆ ವಾಪಸ್ ತರೋಕಾಗಲ್ಲ. ಮೆತ್ತನೆ ಬ್ರಷ್ಷಲ್ಲಿ ಧೂಳು ತೆಗೀರಿ, ಅಷ್ಟು ಸಾಕು.

ನಿಮ್ಮ ಕೈಲಿರೋದು ಒಳ್ಳೇ ವಸ್ತು. ಫ್ರಾಂಕ್ ಹಾರ್ನ್‌ಬಿ ಲಿವರ್‌ಪೂಲಲ್ಲಿ ಮೆಕಾನೊ ಅನ್ನೋ ಆಟಿಕೆ ಕಂಪನಿ ಕಟ್ಟಿದವರು, 1920ರಲ್ಲಿ ಕೀಲಿ ಕೊಟ್ಟು ಓಡಿಸೋ ದೊಡ್ಡ ಸೈಜಿನ ರೈಲು ತಂದ್ರು. ಅವರು ತೀರ್ಕೊಂಡ ಮೇಲೆ 1938ರಲ್ಲಿ ಅದೇ ಕಂಪನಿ ಅದರ ಅರ್ಧ ಸೈಜಿನ ಡಬ್ಲೋ ಶುರು ಮಾಡ್ತು. ಅಸಲಿ ಡಚೆಸ್ ಇಂಜಿನ್ನೂ ಅದೇ 1938ರಲ್ಲಿ ಇಂಗ್ಲೆಂಡಿನ ಕ್ರೂ ವರ್ಕ್‌ಶಾಪಿಂದ ಹೊರಗೆ ಬಂದಿದ್ದು. ಮಾಡೆಲ್ ಮಾತ್ರ ಯುದ್ಧ ಮುಗಿದ ಮೇಲೆ ಬಂತು.

ಓಡುತ್ತಾ ಅಂದ್ರಲ್ಲ, ಓಡೋ ಚಾನ್ಸ್ ಚೆನ್ನಾಗೇ ಇದೆ, ಆದ್ರೆ ಅವಸರ ಮಾಡ್ಬೇಡಿ. ಇದು 12 ವೋಲ್ಟ್ ಡಿ.ಸಿ. ಇಂಜಿನ್, ಒಳ್ಳೇ ಕಂಟ್ರೋಲರ್ ಮೂಲಕವೇ ಕರೆಂಟ್ ಕೊಡ್ಬೇಕು, ಮನೆ ಪ್ಲಗ್ಗಿಗೆ ನೇರ ವೈರ್ ಎಳೆಯೋ ಯೋಚನೆ ಕನಸಲ್ಲೂ ಬೇಡ. ಹಳೇ ಡಬ್ಲೋ ಮೂರು ಹಳಿ ಸಿಸ್ಟಮ್ಮು, ನಡುವಿನ ಹಳಿಯಿಂದ ಕರೆಂಟ್ ತಗೊಳತ್ತೆ, ಅದಕ್ಕೇ ಈಗಿನ ಎರಡು ಹಳಿ ಟ್ರ್ಯಾಕಲ್ಲಿ ಅಲ್ಲಾಡಲ್ಲ, ಕೆಟ್ಟೋಗಿದೆ ಅಂದ್ಕೋಬೇಡಿ. ಗ್ರೀಸ್ ಗಟ್ಟಿಯಾಗಿರತ್ತೆ, ಒರೆಸಿ ತೆಗೆದು ಒಂದೊಂದು ಆಕ್ಸಲ್ಲಿಗೂ ಸೂಜಿ ಮೊನೆಯಲ್ಲಿ ನಿಲ್ಲೋವಷ್ಟು ತೆಳು ಎಣ್ಣೆ ಬಿಡಿ, ಜಾಸ್ತಿ ಬೇಡ. ಮೋಟರ್ ಒಳಗೆ ಕಾರ್ಬನ್ ಬ್ರಷ್ ಉಜ್ಜೋ ತಾಮ್ರದ ಭಾಗ ಕಪ್ಪಾಗಿದ್ರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಚ್ಚಿ ಒರೆಸಿ. ಆದ್ರೆ ಆರ್ಮೇಚರ್ (ಮೋಟರ್ ಒಳಗೆ ತಿರುಗೋ ಭಾಗ) ಮಾತ್ರ ಹೊರಗೆ ಎಳೀಬೇಡಿ, ಹಳೇ ಮ್ಯಾಗ್ನೆಟ್ ನಡುವೆ ಇರೋ ಕಬ್ಬಿಣ ತೆಗೆದುಬಿಟ್ರೆ ಅದರ ಶಕ್ತಿ ಇಳಿದುಹೋಗತ್ತೆ, ಆಮೇಲೆ ಇಂಜಿನ್ ಉಸಿರು ಬಿಟ್ಕೊಂಡು ತೆವಳತ್ತೆ.

ಪ್ರಶ್ನೆ: ನಮ್ಮ ಬ್ರಾಡ್‌ಗೇಜಲ್ಲಿ ಓಡ್ತಿದ್ದ ಡಬ್ಲ್ಯೂಪಿ ಉಗಿ ಇಂಜಿನ್ ಮಾಡೆಲ್ ಇಡ್ಬೇಕು ಅಂತ ಚಿಕ್ಕಂದಿನ ಆಸೆ. ಓಓ ಟ್ರ್ಯಾಕಲ್ಲಿ ಓಡುತ್ತಾ?
- ಓದುಗರು, ಅರಸೀಕೆರೆ

ಉತ್ತರ: ಇಲ್ಲೊಂದು ಲೆಕ್ಕ ಇದೆ. ಓಓ ಅಂದ್ರೆ 76ರಲ್ಲಿ ಒಂದು ಭಾಗ, ಹಳಿ ಅಗಲ 16.5 ಮಿ.ಮೀ. ಇದು ಬ್ರಿಟಿಷರ ಗೇಜಿಗೇ ಸರಿಹೋಗಲ್ಲ, ಅವರ ಗೇಜ್ 1435 ಮಿ.ಮೀ, 76ರಿಂದ ಭಾಗಿಸಿದ್ರೆ ಸುಮಾರು 19 ಬರ್ಬೇಕು. ಬ್ರಿಟಿಷ್ ಇಂಜಿನ್ ಸಣ್ಣ ಮೈಯ್ಯವು, ಆಗಿನ ಕಾಲದ ಮೋಟರ್ ಒಳಗೆ ಹಿಡೀತಿರಲಿಲ್ಲ, ಅದಕ್ಕೇ ಯುರೋಪಿನ ಎಚ್‌ಓ ಅನ್ನೋ ಸ್ವಲ್ಪ ಚಿಕ್ಕ ಅಳತೆಯ ಹಳಿ ಹಾಗೇ ಇಟ್ಕೊಂಡು ಮೇಲಿನ ಬಾಡಿ ದೊಡ್ಡದು ಮಾಡಿದ್ರು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ, ಓಓ ಲೆಕ್ಕಕ್ಕೆ 22 ಮಿ.ಮೀ ಹಳಿ ಬೇಕು. 16.5ರ ಮೇಲೆ ಡಬ್ಲ್ಯೂಪಿ ನಿಲ್ಸಿದ್ರೆ ಪೈಲ್ವಾನ್ ಕಾಲು ಜೋಡಿಸ್ಕೊಂಡು ನಿಂತಂಗೆ ಕಾಣತ್ತೆ. ಕೆಲವರು ಅದನ್ನ ಒಪ್ಕೊಂಡೇ ಮಾಡ್ತಾರೆ, ತಪ್ಪೇನಿಲ್ಲ. ನಿಮಗೆ ಸರಿಯಾದ ಅಳತೇನೇ ಬೇಕು ಅಂದ್ರೆ ಡಾರ್ಜಿಲಿಂಗ್ ಬೆಟ್ಟದ ರೈಲಿನ ಪುಟ್ಟ ಉಗಿ ಇಂಜಿನ್ ಬಿ ಕ್ಲಾಸ್ ನೋಡಿ, ಅಲ್ಲಿನ ಹಳಿ 610 ಮಿ.ಮೀ, 19ರಲ್ಲಿ ಒಂದು ಭಾಗದ ಮಾಡೆಲ್ ಅಂದ್ರೆ 19ರಿಂದ ಭಾಗಿಸಿದ್ರೆ ಸುಮಾರು 32 ಮಿ.ಮೀ, ಆ ಅಗಲದ ಟ್ರ್ಯಾಕ್ ರೆಡಿಮೇಡ್ ಸಿಗತ್ತೆ. ಏನೇ ತಗೊಳೋ ಮುಂಚೆ ಮೈಸೂರು ರೈಲ್ವೆ ಮ್ಯೂಸಿಯಂಗೆ ಒಂದು ಸಲ ಹೋಗಿ ಅಸಲಿ ಇಂಜಿನ್ ಪಕ್ಕ ನಿಂತ್ಕೊಳ್ಳಿ, 1979ರಿಂದ ಇದೆ ಅದು. ಪುಣೆ ಕಡೆ ಹೋದ್ರೆ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ತಪ್ಪಿಸ್ಬೇಡಿ.

ಪ್ರಶ್ನೆ: ನಿಜವಾಗ್ಲೂ ಬೆಂಕಿ, ನೀರು, ಉಗಿಯಿಂದಾನೇ ಓಡೋ ಮಾಡೆಲ್ ಇದ್ಯಂತೆ. ಹತ್ತು ವರ್ಷದ ಮಗನಿಗೆ ಕೊಡಿಸ್ಬೋದಾ?
- ಓದುಗರು, ಮಂಗಳೂರು

ಉತ್ತರ: ಮಗನ ಜೊತೆ ನೀವು ಕೂತ್ಕೊಳ್ಳೋದಾದ್ರೆ ಧಾರಾಳವಾಗಿ ಕೊಡಿಸಿ, ಅವನೊಬ್ಬನ ಕೈಗೆ ಬೇಡ. ಇದಕ್ಕೆ ಲೈವ್ ಸ್ಟೀಮ್ ಅಂತಾರೆ, ಬ್ಯುಟೇನ್ ಗ್ಯಾಸಲ್ಲಿ ಓಡೋವೇ ಜಾಸ್ತಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು ಹಾಕಿದ್ರೆ ಬಾಯ್ಲರ್ ಒಳಗೆ ಸುಣ್ಣ ಕಟ್ಟತ್ತೆ. ನೀರು ಖಾಲಿಯಾದ ಮೇಲೂ ಬೆಂಕಿ ಉರೀತಾ ಇರೋಕೆ ಬಿಡ್ಲೇಬಾರ್ದು. ಸ್ಟೀಮ್ ಆಯಿಲ್ ಹಾಕೋ ಪುಟ್ಟ ಕಪ್ಪಲ್ಲಿ ಓಡಿದ ಮೇಲೆ ಎಣ್ಣೆ ಜಾಗದಲ್ಲಿ ನೀರು ತುಂಬಿರತ್ತೆ, ಪ್ರತೀ ಸಲ ಅದನ್ನ ಹೊರಗೆ ತೆಗೆದು ಹೊಸ ಎಣ್ಣೆ ಹಾಕ್ಬೇಕು. ನಿಮ್ಮೂರಿನ ಹವೆಗೆ ತುಕ್ಕು ಬೇಗ ಹಿಡಿಯತ್ತೆ, ಒರೆಸಿ ಒಣಗಿಸಿ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಪ್ರಶ್ನೆ: ನಮ್ಮನೆಯವರ ಹತ್ರ ಹನ್ನೊಂದು ಇಂಜಿನ್ ಇವೆ, ಎಲ್ಲಾ ಗಾಜಿನ ಬೀರುವಲ್ಲಿ. ಓಡ್ಸಿ ಅಂದ್ರೆ ಸವೆದೋಗತ್ತೆ ಅಂತಾರೆ. ನಂಗೆ ಒಂದ್ಸಲ ಆದ್ರೂ ಓಡೋದು ನೋಡ್ಬೇಕು ಅಂತ ಆಸೆ.
- ಓದುಗರು, ಹಾಸನ

ಉತ್ತರ: ಮೇಡಂ, ನೀವು ಹೇಳ್ತಿರೋದೇ ಸರಿ, ಈ ಉತ್ತರ ಅವರಿಗೆ ಓದಿ ಹೇಳಿ. ಓಡಿಸ್ದೇ ಇಟ್ರೂ ಇಂಜಿನ್ ಹಾಳಾಗತ್ತೆ, ಗ್ರೀಸ್ ಗೋಂದಿನ ಹಾಗಾಗತ್ತೆ, ಚಕ್ರಕ್ಕೆ ಹಾಕಿರೋ ರಬ್ಬರ್ ಪಟ್ಟಿ ಗಟ್ಟಿಯಾಗಿ ಬಿರುಕು ಬಿಡತ್ತೆ. ತಿಂಗಳಿಗೊಂದು ಸಲ ಎರಡೂ ದಿಕ್ಕಿಗೆ ಹತ್ತು ಹತ್ತು ನಿಮಿಷ ಓಡಿಸಿದ್ರೆ ಸವೆಯಲ್ಲ, ಇನ್ನೂ ನಯವಾಗತ್ತೆ.

ನಿಮ್ಮವರ ಬೀರುವಲ್ಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಇದ್ರೆ ಅದನ್ನೇ ಮೊದಲು ತೆಗೀರಿ. 1923ರಲ್ಲಿ ಡಾಂಕ್ಯಾಸ್ಟರಲ್ಲಿ ಕಟ್ಟಿದ್ದು, 1934ರಲ್ಲಿ ಗಂಟೆಗೆ 100 ಮೈಲಿ ಮುಟ್ಟಿದ ಇಂಜಿನ್. ಅಸಲಿ ಚಕ್ರ 6 ಅಡಿ 8 ಇಂಚು, ಓಓ ಮಾಡೆಲಲ್ಲಿ 27 ಮಿ.ಮೀ ಹತ್ರ. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮ್ಯಾಲರ್ಡ್ ಇದ್ರೆ ಅದೂ ಸುಂದರವೇ, ಆದ್ರೆ ಅದರ ಚಕ್ರಗಳನ್ನ ತಗಡು ಅರ್ಧಕ್ಕರ್ಧ ಮುಚ್ಚಿರತ್ತೆ. ಟ್ರ್ಯಾಕನ್ನ ಊಟದ ಮೇಜಿನ ಮೇಲೆ ಹಾಕಿ, ನೀವು ನೆಲದ ಮೇಲೆ ಕೂತು ಕಣ್ಣು ಹಳಿ ಮಟ್ಟಕ್ಕೆ ತನ್ನಿ. ಲೈಟ್ ಆಫ್ ಮಾಡಿ ಪಕ್ಕದಿಂದ ಒಂದು ಟಾರ್ಚ್ ಬಿಡಿ. ಕಂಟ್ರೋಲರ್ ಎಷ್ಟು ನಿಧಾನ ತಿರುಗಿಸ್ಬೇಕು ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಮೂರ್ನಾಲ್ಕು ಸೆಕೆಂಡ್ ತಗೋಬೇಕು. ಆಗ ಉದ್ದದ ಕಡ್ಡಿ ಮುಂದೆ ಹೋಗಿ ಕೆಳಗಿಳಿದು ಹಿಂದೆ ಬರೋದು, ಅದರ ಮೇಲಿನ ಸಣ್ಣ ಕಡ್ಡಿ ಬೇರೆಯದೇ ತಾಳದಲ್ಲಿ ತೂಗೋದು ಕಾಣತ್ತೆ. ಎಡಗಡೆ ಕಡ್ಡಿ ತುತ್ತತುದಿ ಮುಟ್ಟಿದಾಗ ಬಲಗಡೇದು ಅಲ್ಲಿಗೆ ಇನ್ನೂ ಬಂದಿರಲ್ಲ, ಎರಡೂ ಒಟ್ಟಿಗೆ ತುದಿಗೆ ಬಂದ್ರೆ ಅಸಲಿ ಇಂಜಿನ್ ನಿಂತಲ್ಲಿಂದ ಹೊರಡೋಕೇ ಕಷ್ಟ ಆಗತ್ತೆ. ನಾನಂತೂ ಇದನ್ನ ನೋಡ್ತಾ ಗಂಟೆಗಟ್ಟಲೆ ಕೂತಿದೀನಿ. ಡೀಸೆಲ್ ಮಾಡೆಲಲ್ಲಿ ಇದು ಯಾವುದೂ ಕಾಣಲ್ಲ, ಎಲ್ಲಾ ಒಳಗೇ ಮುಚ್ಚಿರತ್ತೆ.

ದೊಡ್ಡ ಇಂಜಿನ್ ಆದ್ರಿಂದ 438 ಮಿ.ಮೀ ತ್ರಿಜ್ಯಕ್ಕಿಂತ ಚಿಕ್ಕ ತಿರುವು ಹಾಕ್ಬೇಡಿ, ಹಳಿ ತಪ್ಪತ್ತೆ. ಅಂದ್ರೆ ಮೇಜಿನ ಅಗಲ ಒಂದು ಮೀಟರ್ ಆದ್ರೂ ಇರ್ಬೇಕು, ಇಲ್ಲಾಂದ್ರೆ ಮೇಲೊಂದು ಪ್ಲೈವುಡ್ ಹಾಸ್ಕೊಳ್ಳಿ. ಅಂಚಿಗೆ ಸುತ್ತ ಒಂದು ಪಟ್ಟಿ ಹೊಡೀರಿ, ಇಂಜಿನ್ ಕೆಳಗೆ ಬೀಳೋ ಭಯ ಇರಲ್ಲ, ನಿಮ್ಮನೆಯವರೂ ಧೈರ್ಯವಾಗಿ ಕಂಟ್ರೋಲರ್ ನಿಮ್ಮ ಕೈಗೆ ಕೊಡ್ತಾರೆ.