ಫೈಲಿನಲ್ಲಿ ಕಾಣದ ಹಳ್ಳ

"ಕಾರವಾರದಲ್ಲಿ ನಗರ ಯೋಜನೆ ಕೆಲಸಕ್ಕೆ ಸೇರಿ ನಾಲ್ಕು ವರ್ಷ. ದಿನವಿಡೀ ನಕ್ಷೆ, ಸೀಲು, ಸಹಿ. ಇದರಲ್ಲಿ ನನ್ನದು ಅಂತ ಏನಿದೆ? ಬಿಟ್ಟುಬಿಡಲೇ?" ಅಂತ ಕೇಳಿದ್ದೀರಿ. ನಾನೂ ಇದೇ ಕೆಲಸ ಮಾಡಿ ನಿವೃತ್ತನಾದವನು. ಊರು ಶಿರಸಿ.

ಒಮ್ಮೆ ಒಂದು ಲೇಔಟ್ ನಕ್ಷೆ ಬಂತು. ಸರ್ವೆ ನಕ್ಷೆಯಲ್ಲಿದ್ದ ಸಣ್ಣ ಹಳ್ಳ ಅದರಲ್ಲಿ ಮಾಯ. "ಬೇಸಿಗೇಲಿ ಒಣಗಿರ್ತದೆ ಸಾರ್, ಅದೆಂಥ ಹಳ್ಳ" ಅಂದರು ಲೇಔಟಿನವರು. ಜುಲೈನಲ್ಲಿ ಕೊಡೆ ಹಿಡಿದು ಹೋದೆ. ಮೊಣಕಾಲುದ್ದ ಕೆಂಪು ನೀರು. ಒಂದು ಚಪ್ಪಲಿ ಅಲ್ಲೇ ತೇಲಿಹೋಯಿತು. ಹಳ್ಳಕ್ಕೆ ಜಾಗ ಬಿಟ್ಟು ನಕ್ಷೆ ತಿದ್ದಿಸಿದೆ. ಬೈಗುಳವೇ ಜಾಸ್ತಿ ಸಿಕ್ಕಿತು, ಬಿಡಿ. ಈಗ ಮಳೆಗಾಲದಲ್ಲಿ ಆ ದಾರಿ ಹಿಡಿದರೆ ನೀರು ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಪಕ್ಕದ ಮನೆಯವರಿಗೆ ನಾನು ಯಾರಂತಲೂ ಗೊತ್ತಿಲ್ಲ. ನಾನು ಮಾತ್ರ ಸುಮ್ನೆ ಐದು ನಿಮಿಷ ನಿಂತು ಬರುತ್ತೇನೆ.

ನಮ್ಮ ಶಿರಸಿಯ ಬಿಡಕಿಬೈಲನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಮಾರಿಕಾಂಬೆ ಬಂದು ಕೂರುವುದು ಅಲ್ಲೇ. ಆ ಬಯಲಿಗೆ ದೇವಿಯ ಕಾವಲಿದೆ. ಹೊಸ ಬಡಾವಣೆಯ ಪಾರ್ಕಿಗೆ ನಿಮ್ಮ ಸಹಿಯೇ ಕಾವಲು, ಅಲ್ವಾ?

1961ರ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯ ಪ್ರಕಾರ ಊರಿನ ಮಹಾಯೋಜನೆಗೆ, ಅಂದರೆ ಮಾಸ್ಟರ್ ಪ್ಲಾನಿಗೆ, ಜನರ ಆಕ್ಷೇಪಣೆ ಕರೆಯಬೇಕು. ಆ ಅರ್ಜಿಗಳನ್ನು ಗುಮಾಸ್ತರಿಗೆ ಬಿಡದೆ ನೀವೇ ಓದಿ. ಕಾರವಾರದಲ್ಲಿ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸಮುದ್ರ. ಮೀನು ಒಣಗಿಸುವ ಜಾಗ ನಕ್ಷೆಯಲ್ಲಿ ಬರೀ ಖಾಲಿ. ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ ಬನ್ನಿ. ರಾಜೀನಾಮೆ ಮಾತು ಮಳೆಗಾಲ ಕಳೆದ ಮೇಲೆ ನೋಡೋಣ.